ರೆಂಡಾಂಗ್‌ಗೆ ಐದಕ್ಕೈದು, ಪ್ಯಾಡ್ ಥಾಯ್‌ಗೆ ಎರಡೂವರೆ: ದೇಶದೇಶದ ಫೇಮಸ್ ಊಟಗಳಿಗೆ ನನ್ನ ರೇಟಿಂಗ್

ಫಸ್ಟೇ ಹೇಳ್ಬಿಡ್ತೀನಿ, ನನ್ನ ಲೆಕ್ಕದಲ್ಲಿ ನಂಬರ್ ಒನ್ ರೆಂಡಾಂಗ್. ಪಿಜ್ಜಾನೂ ಅಲ್ಲ, ಸುಶಿನೂ ಅಲ್ಲ. ಬೇಜಾರಾದ್ರೆ ಪೂರ್ತಿ ಓದಿ, ಆಮೇಲೆ ಜಗಳಕ್ಕೆ ಬನ್ನಿ. ವರ್ಲ್ಡ್ ಫೇಮಸ್ ಅಂತ ಹೆಸರು ಮಾಡಿರೋ ಊಟಗಳನ್ನ ಸಿಕ್ಕಲ್ಲೆಲ್ಲಾ ತಿಂದು ನೋಡೋದು ನಂಗೊಂದು ಚಟ, ತಿಂದ್ಮೇಲೆ ಅದನ್ನ ಹೆಂಗೆ ಮಾಡ್ತಾರೆ ಅಂತ ಕೆದಕೋದು ಇನ್ನೂ ದೊಡ್ಡ ಚಟ. ಈ ರಿವ್ಯೂ ಯಾವ್ದೋ ಒಂದು ರೆಸ್ಟೋರೆಂಟ್‌ದಲ್ಲ, ಊಟಗಳದ್ದೇ. ಸ್ಟಾರ್ ಕೊಡೋವಾಗ ಎರಡು ವಿಷ್ಯ ನೋಡಿದೀನಿ, ಸರಿಯಾಗಿ ಮಾಡಿದ್ರೆ ಎಷ್ಟು ಚೆನ್ನಾಗಿರುತ್ತೆ ಅನ್ನೋದು ಒಂದು, ಹುಟ್ಟಿದ ಊರು ಬಿಟ್ಟು ಬೇರೆ ದೇಶದ ಮೆನು ಕಾರ್ಡಿಗೆ ಬಂದಾಗ ಅದರಲ್ಲಿ ಎಷ್ಟು ಉಳ್ಕೊಳುತ್ತೆ ಅನ್ನೋದು ಇನ್ನೊಂದು. ಎಷ್ಟೋ ಊಟಗಳು ಎರಡನೇದ್ರಲ್ಲಿ ಫೇಲ್. ಕಾರಣ ಹೆಚ್ಚುಕಮ್ಮಿ ಎಲ್ಲಾ ಕಡೆ ಒಂದೇ, ಟೈಮ್ ತಗೊಳೋ ಕೆಲಸಾನ ಬಿಟ್ಟು ಅದ್ರ ಜಾಗಕ್ಕೆ ಕ್ರೀಮೋ ಸಕ್ಕರೇನೋ ಬಣ್ಣಾನೋ ಹಾಕಿ ಕೈ ತೊಳ್ಕೊತಾರೆ.

ಸರಿ, ರೆಂಡಾಂಗ್. ಇಂಡೋನೇಷ್ಯಾದ ಪಶ್ಚಿಮ ಸುಮಾತ್ರಾದಲ್ಲಿರೋ ಮಿನಾಂಗ್‌ಕಬಾವ್ ಜನರ ಅಡುಗೆ ಇದು. ದನದ ಮಾಂಸ ಇಲ್ಲಾ ಎಮ್ಮೆ ಮಾಂಸ, ತೆಂಗಿನಹಾಲು, ಕೆಂಪು ಮೆಣಸಿನಕಾಯಿ, ಸಣ್ಣ ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಗಲಾಂಗಲ್ ಅನ್ನೋ ಶುಂಠಿ ಜಾತಿಯ ಗೆಡ್ಡೆ, ಮಜ್ಜಿಗೆಹುಲ್ಲು, ಅರಿಶಿನದ ಎಲೆ, ಇಷ್ಟನ್ನೂ ಒಟ್ಟಿಗೆ ಒಲೆ ಮೇಲಿಟ್ಟು ಸಣ್ಣ ಉರೀಲಿ ಗಂಟೆಗಟ್ಲೆ ಬೇಯಿಸ್ತಾರೆ. ಮೊದಮೊದಲು ನೀರು ನೀರಾಗಿರುತ್ತೆ, ಆ ಹಂತದಲ್ಲಿ ಅದು ಗುಲಾಯ್. ನೀರು ಬತ್ತಿ ಗಟ್ಟಿಯಾಗಿ ಕಂದು ಬಣ್ಣಕ್ಕೆ ತಿರುಗಿದಾಗ ಅದರ ಹೆಸರು ಕಲಿಯೋ. ಅಲ್ಲಿಗೂ ಬಿಡದೆ ಕೈಯಾಡಿಸ್ತಾ ಹೋದ್ರೆ ತೆಂಗಿನಹಾಲು ಒಡೆದು ಎಣ್ಣೆ ಬಿಡುತ್ತೆ, ಆಗ ಮಾಂಸ ಬೇಯೋದು ನಿಂತು ಅದೇ ಎಣ್ಣೇಲಿ ಹುರಿಯೋಕೆ ಶುರುವಾಗುತ್ತೆ. ಬೇರೆ ಅಡುಗೆಗಳಲ್ಲಿ ಸಾಮಾನ್ಯವಾಗಿ ಮೊದಲು ಹುರಿದು ಆಮೇಲೆ ಬೇಯಿಸ್ತಾರೆ, ಇಲ್ಲಿ ಪೂರ್ತಿ ಉಲ್ಟಾ. ಅದಕ್ಕೇ ರುಚೀಲಿ ಎರಡು ಪದರ ಇರುತ್ತೆ, ಒಳಗೆ ತೆಂಗಿನಹಾಲು ಕುಡಿದು ಮೆತ್ತಗಾದ ಮಾಂಸ, ಹೊರಗೆ ಕಪ್ಪಗಾಗೋವರೆಗೂ ಹುರಿದ ಮಸಾಲೆ. ಬೆರಳಲ್ಲಿ ಒಂದು ತುಂಡು ಒತ್ತಿ ನೋಡಿ, ನಾರು ನಾರಾಗಿ ಬಿಡಿಸ್ಕೊಳುತ್ತೆ, ಪ್ರತಿ ನಾರಿಗೂ ಕಾಫಿಪುಡಿ ಬಣ್ಣದ ಮಸಾಲೆ ಅಂಟ್ಕೊಂಡಿರುತ್ತೆ, ಬೆರಳಲ್ಲಿ ಉಳಿಯೋದು ಬರೀ ಎಣ್ಣೆ ಪಸೆ.

ನೀರಿನಂಶ ಅಷ್ಟು ಕಮ್ಮಿ ಇರೋದ್ರಿಂದ ಇದು ಬೇಗ ಕೆಡಲ್ಲ, ಫ್ರಿಜ್ ಇಲ್ಲದ ಕಾಲದಲ್ಲಿ ದೂರ ಪ್ರಯಾಣಕ್ಕೆ ಕಟ್ಕೊಂಡು ಹೋಗ್ತಿದ್ದ ಊಟ. ಮಿನಾಂಗ್‌ಕಬಾವ್ ಗಂಡಸರು ದುಡಿಯೋಕೆ ಊರು ಬಿಟ್ಟು ಹೋಗೋ ಹಳೇ ಪದ್ಧತಿ ಇದೆ, ಅವರ ಜೊತೆ ಊಟಾನೂ ಊರೂರಿಗೆ ಹೋಯ್ತು. 2011ರಲ್ಲಿ ಸಿಎನ್‌ಎನ್ ಓದುಗರ ಓಟಿಂಗ್ ಇಟ್ಟಾಗ ಜಗತ್ತಿನ ಬೆಸ್ಟ್ ಊಟ ಅಂತ ಇದೇ ಫಸ್ಟ್ ಬಂತು. 2018ರಲ್ಲಿ ಬ್ರಿಟನ್ನಿನ ಒಂದು ಟಿವಿ ಅಡುಗೆ ಸ್ಪರ್ಧೇಲಿ ಜಡ್ಜ್ ಒಬ್ರು ಚಿಕನ್ ರೆಂಡಾಂಗ್ ತಿಂದು ಚರ್ಮ ಗರಿಗರಿಯಾಗಿಲ್ಲ ಅಂದ್ರು ನೋಡಿ, ಮಲೇಷ್ಯಾ ಇಂಡೋನೇಷ್ಯಾ ಎರಡೂ ದೇಶದೋರು ಯಾವಾಗ್ಲೂ ರೆಂಡಾಂಗ್ ನಮ್ದು ನಮ್ದು ಅಂತ ಕಿತ್ತಾಡ್ತಿದ್ದೋರು ಆ ಒಂದು ವಿಷ್ಯಕ್ಕೆ ಒಂದಾಗಿ ಅವರ ಮೇಲೆ ಬಿದ್ರು, ಮಲೇಷ್ಯಾ ಪ್ರಧಾನಿನೇ ಟ್ವೀಟ್ ಮಾಡಿದ್ರು. ಗಂಟೆಗಟ್ಲೆ ತೆಂಗಿನಹಾಲಲ್ಲಿ ಬೆಂದಿದ್ದರ ಚರ್ಮ ಗರಿಗರಿ ಎಲ್ಲಿಂದ ಬರ್ಬೇಕು ಹೇಳಿ.

ಹೊರದೇಶದ ರೆಸ್ಟೋರೆಂಟ್‌ಗಳಲ್ಲಿ ಏನಾಗುತ್ತೆ ಅಂದ್ರೆ, ಕಲಿಯೋ ಹಂತದಲ್ಲೇ ಒಲೆ ಆಫ್ ಮಾಡಿ ರೆಂಡಾಂಗ್ ಅಂತ ಕೊಡ್ತಾರೆ. ಪ್ಲೇಟಲ್ಲಿ ಗ್ರೇವಿ ಹರೀತಾ ಇದ್ರೆ ಅದು ರೆಂಡಾಂಗ್ ಅಲ್ಲ, ಅಷ್ಟೇ ಲೆಕ್ಕ. ತಿನ್ನೋಕೆ ಕೆಟ್ಟದಾಗಿರಲ್ಲ, ಆದ್ರೆ ಅರ್ಧ ದಾರೀಲಿ ಇಳಿದಂಗೆ. ಪಾಡಾಂಗ್ (ಪಶ್ಚಿಮ ಸುಮಾತ್ರಾದ ಊರು) ಶೈಲಿ ಊಟದ ಜಾಗ ಸಿಕ್ಕಿದ್ರೆ ಅಲ್ಲೇ ತಿನ್ನಿ, ಅಲ್ಲಿ ಆರ್ಡರ್ ತಗೊಳೋದೇ ಇಲ್ಲ, ಹತ್ತಾರು ಸಣ್ಣ ತಟ್ಟೆ ತಂದು ಟೇಬಲ್ ಮೇಲೆ ಜೋಡಿಸ್ತಾರೆ, ಮುಟ್ಟಿದ್ದಕ್ಕೆ ಮಾತ್ರ ದುಡ್ಡು. ಐದಕ್ಕೈದು.

ಮುಂದಿಂದು ಮಾಪೋ ತೋಫು. ತೋಫು ಅಂದ ತಕ್ಷಣ ಮೂತಿ ತಿರುಗಿಸೋರೆಲ್ಲಾ ಸ್ವಲ್ಪ ತಡ್ಕೊಳಿ. ಚೀನಾದ ಸಿಚುವಾನ್ ಪ್ರಾಂತ್ಯದ ಚೆಂಗ್ಡು ಊರಿನ ಊಟ, 19ನೇ ಶತಮಾನದ್ದು. ಮೆತ್ತಗಿನ ತೋಫು ಚೌಕಗಳನ್ನ ಉಪ್ಪುನೀರಲ್ಲಿ ಬಿಸಿ ಮಾಡಿ, ಕೆಂಪೆಣ್ಣೆ ತೇಲೋ ಸಾಸಲ್ಲಿ ಸ್ವಲ್ಪ ಕೊಚ್ಚಿದ ಮಾಂಸದ ಜೊತೆ ಬೇಯಿಸ್ತಾರೆ. ಜೀವ ಇರೋದು ಎರಡು ಐಟಮ್ಮಲ್ಲಿ. ಒಂದು ದೋಬಾನ್‌ಜಿಯಾಂಗ್, ಬ್ರಾಡ್ ಬೀನ್ಸ್ ಮತ್ತೆ ಮೆಣಸಿನಕಾಯಿ ಸೇರಿಸಿ ತಿಂಗಳುಗಟ್ಲೆ, ಕೆಲವು ಸಲ ವರ್ಷಗಟ್ಲೆ ಹುದುಗು ಬರಿಸಿದ ಪೇಸ್ಟು, ಚೆಂಗ್ಡು ಪಕ್ಕದ ಪಿಶಿಯಾನ್‌ದು ಅದಕ್ಕೆ ಫೇಮಸ್. ಇನ್ನೊಂದು ಸಿಚುವಾನ್ ಪೆಪ್ಪರ್, ಹೆಸರಲ್ಲಿ ಪೆಪ್ಪರ್ ಇದ್ರೂ ಕರಿಮೆಣಸಿಗೂ ಅದಕ್ಕೂ ಸಂಬಂಧ ಇಲ್ಲ, ನಿಂಬೆ ಕಿತ್ತಳೆ ಕುಟುಂಬದ ಗಿಡ ಅದು. ಖಾರ ಇರಲ್ಲ, ನಾಲಿಗೆ ತುಟಿ ಎಲ್ಲಾ ಜುಮ್ ಅಂತ ಜೋಮು ಹಿಡಿಯುತ್ತೆ. ಲಂಡನ್ನಿನ ವಿಜ್ಞಾನಿಗಳು 2013ರಲ್ಲಿ ಜನರ ತುಟಿಗೆ ಇದನ್ನ ಹಚ್ಚಿ ನೋಡಿದ್ರು, ಸೆಕೆಂಡಿಗೆ ಸುಮಾರು 50 ಸಲ ಅದುರಿದಂಗೆ ನರಗಳಿಗೆ ಅನ್ಸುತ್ತಂತೆ. ಅಂದ್ರೆ ಇದು ರುಚಿನೇ ಅಲ್ಲ ಗುರು, ಸ್ಪರ್ಶ! ಫಸ್ಟ್ ಟೈಮ್ ತಿಂದೋರು ಅಲರ್ಜಿ ಆಯ್ತೇನೋ ಅಂತ ಹೆದರ್ಕೊಳೋದು ಇದಕ್ಕೇ.

ಅಮೆರಿಕಾದಲ್ಲಿ 1968ರಿಂದ 2005ರವರೆಗೂ ಈ ಪೆಪ್ಪರ್ ತರಿಸ್ಕೊಳೋದನ್ನೇ ಬ್ಯಾನ್ ಮಾಡಿದ್ರು, ಇದ್ರ ಜೊತೆ ಬರೋ ಒಂದು ಬ್ಯಾಕ್ಟೀರಿಯಾ ರೋಗ ಅಲ್ಲಿನ ಕಿತ್ತಳೆ ತೋಟಗಳಿಗೆ ಹಬ್ಬುತ್ತೆ ಅಂತ. ಅಷ್ಟೂ ವರ್ಷ ಅಲ್ಲಿ ಸಿಚುವಾನ್ ಊಟ ಅಂತ ತಿಂದೋರಿಗೆ ಈ ಜುಮ್ ಅನ್ನೋದು ಸರಿಯಾಗಿ ಸಿಕ್ಕಿರೋದೇ ಡೌಟು. ಈಗ್ಲೂ ಎಷ್ಟೋ ಕಡೆ ಗಿರಾಕಿ ಕಂಪ್ಲೇಂಟ್ ಮಾಡ್ತಾರೆ ಅಂತ ಅದನ್ನ ಬಿಟ್ಟು ಬರೀ ಚಿಲ್ಲಿ ಸಾಸ್ ಸುರೀತಾರೆ, ಕೆಂಪಗೇನೋ ಇರುತ್ತೆ, ಆದ್ರೆ ಎರಡು ಸ್ಪೂನ್ ತಿಂದ್ಮೇಲೂ ತುಟಿ ಅದುರದೇ ಇದ್ರೆ ಮೋಸ ಹೋದ್ರಿ ಅಂತ ಅರ್ಥ. ಮಾಂಸ ತಿನ್ನದೋರು ಅಣಬೆ ಹಾಕಿಸ್ಕೊಂಡು ತಿನ್ಬೋದು, ದೋಬಾನ್‌ಜಿಯಾಂಗ್ ಚೆನ್ನಾಗಿದ್ರೆ ಏನೂ ಕಮ್ಮಿ ಅನ್ಸಲ್ಲ. ನಾಲ್ಕೂಮುಕ್ಕಾಲು. ಆ ಕಾಲು ಕಟ್ ಮಾಡಿದ್ದು ಯಾಕಂದ್ರೆ ತಣ್ಣಗಾದ್ಮೇಲೆ ಆ ಎಣ್ಣೆ ನೋಡೋಕಾಗಲ್ಲ.

ಈಗ ನನ್ನ ಬಿಪಿ ಏರಿಸೋ ಟಾಪಿಕ್, ಕಾರ್ಬೊನಾರಾ. ರೋಮ್ ನಗರದ ಪಾಸ್ತಾ. ಇವತ್ತು ರೋಮಿನೋರು ಒಪ್ಪೋ ರೂಲ್ ಪ್ರಕಾರ ಬೇಕಾಗಿರೋದು ಪಾಸ್ತಾ, ಮೊಟ್ಟೆ, ಕುರಿ ಹಾಲಿನ ಪೆಕೊರಿನೊ ಚೀಸ್, ಹಂದಿ ಕೆನ್ನೆ ಮಾಂಸಾನ ಉಪ್ಪು ಹಚ್ಚಿ ಒಣಗಿಸಿದ ಗ್ವಾಂಚಾಲೆ, ಕರಿಮೆಣಸು. ಮುಗೀತು. ಸ್ಟವ್ ಆಫ್ ಮಾಡಿ, ಪಾಸ್ತಾದ ಬಿಸಿಯಲ್ಲೇ ಮೊಟ್ಟೆ ಗಟ್ಟಿಯಾಗ್ಬೇಕು, ಆದ್ರೆ ಪೂರ್ತಿ ಬೆಂದು ಉಂಡೆ ಉಂಡೆ ಆಗ್ಬಾರ್ದು, ಅದ್ರ ಮಧ್ಯದಲ್ಲಿ ಕೆಲವೇ ಡಿಗ್ರಿಗಳ ಅಂತರ. ಸರಿ ಬಂದ್ರೆ ಸಾಸು ಕ್ರೀಮಿಗಿಂತ ಕ್ರೀಮಿಯಾಗಿರುತ್ತೆ, ಕ್ರೀಮ್ ಒಂದು ಹನಿ ಇಲ್ದೆ. ಒಂದು ಸಲ ದೊಡ್ಡ ಇಟಾಲಿಯನ್ ರೆಸ್ಟೋರೆಂಟ್, ಹೆಸರು ಬೇಡ, ಕಾರ್ಬೊನಾರಾ ಹೇಳಿದ್ರೆ ಬಿಳೀ ಕ್ರೀಮ್ ಕೊಳದಲ್ಲಿ ಬಟಾಣಿ, ಅಣಬೆ, ಮೇಲೊಂದಿಷ್ಟು ಒಣಗಿದ ಆರಿಗ್ಯಾನೋ. ಮೊಟ್ಟೆ ಎಲ್ಲಪ್ಪಾ ಅಂತ ಕೇಳಿದ್ರೆ ವೇಟರ್ ಪಾಪ "ಎಗ್ ಬೇಕಾದ್ರೆ ಎಕ್ಸ್ಟ್ರಾ ಆಗುತ್ತೆ ಸರ್" ಅಂದ. ಏನ್ ಹೇಳೋದು.

ಹಂಗಂತ ಇಟಲಿಯೋರ ಧಿಮಾಕಿಗೂ ಜಾಸ್ತಿ ತಲೆ ಬಾಗಿಸ್ಬೇಕಾಗಿಲ್ಲ. ಕಾರ್ಬೊನಾರಾ ಏನು ಪುರಾತನ ಕಾಲದ್ದಲ್ಲ, ಎರಡನೇ ಮಹಾಯುದ್ಧ ಮುಗಿದ್ಮೇಲೆ ಹೆಸರಿಗೆ ಬಂದಿದ್ದು. ಇಲ್ಲೀವರೆಗೆ ಸಿಕ್ಕಿರೋದ್ರಲ್ಲಿ ಹಳೇ ಪ್ರಿಂಟೆಡ್ ರೆಸಿಪಿಗಳಲ್ಲಿ ಒಂದು 1952ರಲ್ಲಿ ಅಮೆರಿಕಾದ ಶಿಕಾಗೋದಲ್ಲಿ ಬಂದಿದ್ದು! 1954ರಲ್ಲಿ ಇಟಲಿಯದೇ ಅಡುಗೆ ಪತ್ರಿಕೇಲಿ ಬಂದ ರೆಸಿಪೀಲಿ ಬೆಳ್ಳುಳ್ಳಿ ಇದೆ, ಸ್ವಿಟ್ಜರ್ಲೆಂಡಿನ ಗ್ರೂಯೇರ್ ಚೀಸ್ ಇದೆ. ಇವತ್ತು ಅದನ್ನ ಯಾರಾದ್ರೂ ಮಾಡಿ ತೋರಿಸಿದ್ರೆ ರೋಮಿನೋರು ಊರಿಂದ ಓಡಿಸ್ತಾರೆ. ಹಾಗಾಗಿ ನಾನು ಕ್ರೀಮ್ ಬೇಡ ಅನ್ನೋದು ಸಂಪ್ರದಾಯಕ್ಕಲ್ಲ, ಕ್ರೀಮ್ ಹಾಕಿದ್ರೆ ಮೆಣಸು, ಚೀಸಿನ ಉಪ್ಪು, ಕೊಬ್ಬಿನ ಘಮ ಮೂರೂ ಸತ್ತೋಗುತ್ತೆ, ಅದಕ್ಕೆ. ಮಾಂಸ ಮೊಟ್ಟೆ ಎರಡೂ ಬೇಡ ಅನ್ನೋರಿಗೆ ಇದ್ರ ತಮ್ಮ ಇದಾನೆ, ಕಾಚೋ ಎ ಪೇಪೆ, ಬರೀ ಚೀಸು, ಮೆಣಸು, ಪಾಸ್ತಾ ಬೇಯಿಸಿದ ಗಂಜಿ ನೀರು. ಕೇಳೋಕೆ ಈಸಿ, ಮಾಡೋಕೆ ಹೋದ್ರೆ ಚೀಸು ರಬ್ಬರ್ ಉಂಡೆ ಆಗುತ್ತೆ. ಯಾಕೆ ಹಂಗಾಗುತ್ತೆ ಅಂತ ಇಟಲಿಯ ಫಿಸಿಕ್ಸ್ ಸಂಶೋಧಕರು ಪ್ರಯೋಗ ಮಾಡಿ ಪೇಪರೇ ಬರೆದ್ರು, ಚೀಸಿನ ತೂಕದ ಶೇಕಡಾ 2ರಿಂದ 3ರಷ್ಟು ಪಿಷ್ಟ ಸಾಸಲ್ಲಿದ್ರೆ ಒಡೆಯಲ್ಲ ಅಂತ, ಅದಕ್ಕೆ 2025ರಲ್ಲಿ, ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚೋ ಸಂಶೋಧನೆಗೆ ಕೊಡೋ ಇಗ್ ನೊಬೆಲ್ ಪ್ರಶಸ್ತಿ ಕೂಡ ಬಂತು. ಮನೇಲಿ ಟ್ರೈ ಮಾಡೋರು ಒಂದು ಚಮಚ ಕಾರ್ನ್‌ಫ್ಲೋರ್‌ನ ನೀರಲ್ಲಿ ಕುದಿಸಿ ಗಂಜಿ ಮಾಡಿ ಆರಿಸಿ, ಅದಕ್ಕೆ ಚೀಸ್ ಕಲಸಿ ಹಾಕಿ, ವರ್ಕ್ ಆಗುತ್ತೆ. ಸರಿಯಾದ ಕಾರ್ಬೊನಾರಾಗೆ ನಾಲ್ಕೂವರೆ, ಕ್ರೀಮ್ ಹಾಕಿದ್ದಕ್ಕೆ ಒಂದು, ಆ ಒಂದೂ ಪಾಸ್ತಾ ಬೆಂದಿತ್ತು ಅನ್ನೋ ಕಾರಣಕ್ಕೆ.

ಪಿಜ್ಜಾ ಬಗ್ಗೆ ಜಾಸ್ತಿ ಬರೆಯಲ್ಲ, ಎಲ್ರೂ ಬರೆದಿದಾರೆ. ನೇಪಲ್ಸ್ ಸ್ಟೈಲಿಂದು ಸುಮಾರು 485 ಡಿಗ್ರಿ ಕಟ್ಟಿಗೆ ಒಲೇಲಿ 60ರಿಂದ 90 ಸೆಕೆಂಡಲ್ಲಿ ಬೇಯುತ್ತೆ, ಅಂಚು ಉಬ್ಬಿ ಅಲ್ಲಲ್ಲಿ ಕಪ್ಪು ಚುಕ್ಕೆ, ಮಧ್ಯದಲ್ಲಿ ಒದ್ದೆ. ಅದು ಬೆಂದಿಲ್ಲ ಅಂತ ವಾಪಸ್ ಕಳ್ಸೋರನ್ನ ನೋಡಿದೀನಿ, ಬೆಂದಿರುತ್ತೆ ಸ್ವಾಮಿ, ಅದು ಇರೋದೇ ಹಂಗೆ. ನಾಲ್ಕು. ಬಾಕ್ಸಲ್ಲಿ ಮನೆಗೆ ತರಿಸಿದ್ರೆ ಮೂರು, ಹಬೆಗೆ ಮೆತ್ತಗಾಗಿ ಚರ್ಮ ಥರ ಆಗಿರುತ್ತೆ.

ಇಥಿಯೋಪಿಯಾ ಊಟಕ್ಕೆ ಸಿಗಬೇಕಾದಷ್ಟು ಹೆಸರು ಸಿಕ್ಕಿಲ್ಲ ಅನ್ನೋದು ನನ್ನ ಪರ್ಮನೆಂಟ್ ಕಂಪ್ಲೇಂಟ್. ಇಂಜೆರಾ ಅಂದ್ರೆ ಟೆಫ್ ಅನ್ನೋ ಸಾಸಿವೆಗಿಂತ ಸಣ್ಣ ಧಾನ್ಯದ ಹಿಟ್ಟನ್ನ ಕೆಲವು ದಿನ ಹುಳಿ ಬರಿಸಿ, ದೊಡ್ಡ ದುಂಡಗಿನ ಹಂಚಿನ ಮೇಲೆ ಹೊರಗಿಂದ ಒಳಗೆ ಸುತ್ತಿ ಸುತ್ತಿ ಹುಯ್ದು, ಮುಚ್ಚಿಟ್ಟು ಒಂದೇ ಕಡೆ ಬೇಯಿಸಿದ್ದು. ಮೇಲೆ ಸಾವಿರಾರು ಸಣ್ಣ ತೂತು, ಆ ತೂತುಗಳೇ ಅದರ ಗುಟ್ಟು, ಮೇಲೆ ಹಾಕಿದ್ದನ್ನೆಲ್ಲಾ ಸ್ಪಂಜ್ ಥರ ಹೀರ್ಕೊಳುತ್ತೆ. ಅದೇ ತಟ್ಟೆ, ಅದೇ ಸ್ಪೂನು, ಅದೇ ಊಟ. ಮೇಲೆ ಡೋರೊ ವಾಟ್ ಅನ್ನೋ ಕೋಳಿ ಗ್ರೇವಿ ಬರುತ್ತೆ. ಅದರ ಕೆಲಸ ನೋಡಿ, ರಾಶಿ ಈರುಳ್ಳಿ ಸಣ್ಣಗೆ ಕೊಚ್ಚಿ ಎಣ್ಣೆ ಇಲ್ದೆ ಒಣ ಪಾತ್ರೇಲಿ ತುಂಬಾ ಹೊತ್ತು ಬಾಡಿಸ್ತಾರೆ, ಅದು ತನ್ನ ನೀರಲ್ಲೇ ಕರಗಿ ಕರಗಿ ಜಾಮ್ ಥರ ಆದ್ಮೇಲೆ ಬೆರ್ಬೆರೆ ಅನ್ನೋ ಮೆಣಸಿನಪುಡಿ ಮಸಾಲೆ, ಮಸಾಲೆ ಹಾಕಿ ಕಾಯಿಸಿದ ತುಪ್ಪ, ಆಮೇಲೆ ಕೋಳಿ, ಕೊನೇಲಿ ಬೇಯಿಸಿದ ಮೊಟ್ಟೆ. ಗ್ರೇವಿ ಗಟ್ಟಿ ಮಾಡೋಕೆ ಹಿಟ್ಟೂ ಇಲ್ಲ ಕ್ರೀಮೂ ಇಲ್ಲ, ಎಲ್ಲಾ ಈರುಳ್ಳಿ ಮಹಿಮೆ.

ಮಾಂಸ ಹಾಲು ಮೊಟ್ಟೆ ಏನೂ ತಿನ್ನದೋರಿಗೂ ಇಷ್ಟು ವೆರೈಟಿ ಕೊಡೋ ಊಟ ಕಮ್ಮಿ. ಅಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರು ಬುಧವಾರ ಶುಕ್ರವಾರ, ಮತ್ತೆ ಈಸ್ಟರ್‌ಗೆ ಮುಂಚೆ ವಾರಗಟ್ಲೆ ಉಪವಾಸ ಇರ್ತಾರೆ, ಆಗ ಪ್ರಾಣಿಗಳಿಂದ ಬರೋದು ಯಾವ್ದೂ ಮುಟ್ಟಲ್ಲ. ಅದಕ್ಕೇ ಬೇಳೆ, ಕಡಲೆಹಿಟ್ಟಿನ ಶಿರೋ, ಎಲೆಕೋಸು, ಸೊಪ್ಪು, ಬೀಟ್‌ರೂಟ್ ಎಲ್ಲಾ ಒಂದೇ ಇಂಜೆರಾ ಮೇಲೆ ಬಣ್ಣಬಣ್ಣವಾಗಿ ಗುಡ್ಡೆ ಹಾಕಿ ಕೊಡ್ತಾರೆ, ಬೆಯಾಯ್‌ನೆತು ಅಂತ ಕೇಳಿ. ನಾಲ್ಕು ಜನ ಒಂದೇ ತಟ್ಟೇಲಿ ತಿನ್ಬೇಕು. ಅಡೀಲಿರೋ ಇಂಜೆರಾ ಕೊನೆಗೆ ಎಲ್ಲಾ ಗ್ರೇವಿನೂ ಕುಡಿದು ಕೂತಿರುತ್ತಲ್ಲ, ಅದನ್ನ ಯಾರು ತಿಂತಾರೆ ಅನ್ನೋದ್ರ ಮೇಲೆ ಸ್ನೇಹ ಗೊತ್ತಾಗುತ್ತೆ, ನಾನಂತೂ ಬಿಡಲ್ಲ. ಹೊರದೇಶದಲ್ಲಿ ಟೆಫ್ ಸಿಗೋದು ಕಷ್ಟ, ಇಥಿಯೋಪಿಯಾ ಸರ್ಕಾರ 2006ರಲ್ಲಿ ಕಾಳಿನ ರಫ್ತನ್ನೇ ನಿಲ್ಲಿಸಿತ್ತು ಬೇರೆ, ಅದಕ್ಕೆ ಗೋಧಿ, ಬಾರ್ಲಿ ಬೆರೆಸ್ತಾರೆ. ಗೋಧಿ ಬಾರ್ಲೀಲಿರೋ ಗ್ಲುಟೆನ್ ಆಗದೋರು ಟೆಫ್‌ನಲ್ಲಿ ಗ್ಲುಟೆನ್ ಇಲ್ಲ ಅಂತ ನಂಬ್ಕೊಂಡು ತಿನ್ನೋಕೆ ಮುಂಚೆ ಕೇಳ್ಕೊಳಿ. ನಾಲ್ಕೂಮುಕ್ಕಾಲು. ಹುಳಿ ಇಷ್ಟ ಇಲ್ದೋರು ಮೂರು ಅಂತ ಓದ್ಕೊಳಿ.

ಫೋ ಮತ್ತೆ ರಾಮೆನ್, ಎರಡೂ ಬಿಸಿ ನೂಡಲ್ ಬೌಲ್ ಅಂತ ಜನ ಒಂದೇ ಗುಂಪಿಗೆ ಸೇರಿಸ್ತಾರೆ, ಆದ್ರೆ ಎರಡರ ಒಲೆನೇ ಬೇರೆ. ವಿಯೆಟ್ನಾಂ ಉತ್ತರ ಭಾಗದಲ್ಲಿ 20ನೇ ಶತಮಾನದ ಆರಂಭದಲ್ಲಿ ಹುಟ್ಟಿದ ಫೋಗೆ ದನದ ಮೂಳೆನ ಸಣ್ಣ ಉರೀಲಿ, ಜೋರು ಕುದಿ ಬರದಂಗೆ ಕಾಯಿಸ್ತಾರೆ, ಮೇಲೆ ಬರೋ ನೊರೆ ತೆಗೀತಾನೇ ಇರ್ತಾರೆ, ಸುಟ್ಟು ಕಪ್ಪು ಮಾಡಿದ ಈರುಳ್ಳಿ ಶುಂಠಿ, ಚಕ್ರಮೊಗ್ಗು, ಚಕ್ಕೆ ಹಾಕ್ತಾರೆ, ಕಡೆಗೆ ಬರೋ ರಸ ಟೀ ಡಿಕಾಕ್ಷನ್ ಥರ ತಿಳಿ. ಜಪಾನಿನ ಕ್ಯೂಶು ಕಡೆ ತೊಂಕೊತ್ಸು ರಾಮೆನ್‌ಗೆ ಹಂದಿ ಮೂಳೆನ ಕೊತಕೊತ ಅಂತ ಗಂಟೆಗಟ್ಲೆ ಕುದಿಸ್ತಾರೆ, ಕೊಬ್ಬು ಒಡೆದು ನೀರಲ್ಲಿ ಬೆರೆತು ಹಾಲಿನ ಬಣ್ಣ ಬರ್ಬೇಕು. ಅಲ್ಲಿ ತಪ್ಪಾಗಿರೋದು ಇಲ್ಲಿ ಸರಿ! ರಾಮೆನ್ ನೂಡಲ್ ಹಳದಿಯಾಗಿ ಎಳೆದ್ರೆ ಪುಟಿಯೋಂಗೆ ಇರೋದು ಮೊಟ್ಟೆಯಿಂದ ಅಂತ ತುಂಬಾ ಜನ ಅಂದ್ಕೊಂಡಿದಾರೆ, ಅದು ಕಾನ್ಸುಯಿ ಅನ್ನೋ ಕ್ಷಾರದ ಕೆಲಸ. ನನ್ನ ಓಟು ಫೋಗೆ, ನಾಲ್ಕೂವರೆ, ತಿಂದು ಎದ್ಮೇಲೂ ಮೈ ಹಗುರ. ತೊಂಕೊತ್ಸು ನಾಲ್ಕು, ಅರ್ಧ ಬೌಲ್ ಆದ್ಮೇಲೆ ಕೊಬ್ಬು ತುಟಿಗೆ ಅಂಟೋಕೆ ಶುರು. ಒಂದು ಟಿಪ್, ಫೋ ಬಂದ ತಕ್ಷಣ ಹೋಯ್ಸಿನ್ ಸಾಸ್ ಸುರೀಬೇಡಿ, ಮೊದಲು ಬರೀ ರಸ ಎರಡು ಗುಟುಕು ಕುಡೀರಿ, ಆ ರಸಕ್ಕೇ ಅಲ್ವಾ ಅವ್ರು ರಾತ್ರಿಯಿಡೀ ಒಲೆ ಕಾಯ್ದಿದ್ದು.

ಸುಶಿ ಮೂರೂವರೆ. ಒಳ್ಳೇದು ಸಿಕ್ಕಿದ್ರೆ ಐದು ಅಂತ ಗೊತ್ತು, ಆದ್ರೆ ಸಿಗೋದಿಲ್ಲ. ಸುಶಿ ಅಂದ್ರೆ ಜನ ಮೀನು ನೋಡ್ತಾರೆ, ನೋಡ್ಬೇಕಾಗಿರೋದು ಅನ್ನ, ವಿನೆಗರ್ ಹಾಕಿದ ಅನ್ನ ಮೈ ಬಿಸಿಯಷ್ಟು ಬೆಚ್ಚಗಿರ್ಬೇಕು, ಫ್ರಿಜ್ಜಿಂದ ತೆಗೆದ ಗಟ್ಟಿ ಅನ್ನಕ್ಕೆ ಎಂಥಾ ಮೀನು ಇಟ್ರೂ ದಂಡ. ಜೊತೇಲಿ ಕೊಡೋ ಹಸಿರು ಪೇಸ್ಟ್ ಹೆಚ್ಚಿನ ಕಡೆ ವಸಾಬಿನೇ ಅಲ್ಲ, ಹಾರ್ಸ್‌ರ್ಯಾಡಿಶ್, ಸಾಸಿವೆಗೆ ಹಸಿರು ಬಣ್ಣ ಹಾಕಿದ್ದು. ನಿಜವಾದ ವಸಾಬಿ ತುರಿದ ಕೆಲವೇ ನಿಮಿಷಕ್ಕೆ ಘಾಟು ಕಳ್ಕೊಳುತ್ತೆ, ಅದಕ್ಕೆ ಎದುರಿಗೇ ತುರೀತಾರೆ.

ಮೆಕ್ಸಿಕೋಗೆ ಬಂದ್ರೆ ಎರಡು ವಿಷ್ಯ. ಒಂದು, ಪ್ಯೂಬ್ಲಾ ಊರಿನ ಮೋಲೆ ಪೊಬ್ಲಾನೊ ಅನ್ನೋ ಗ್ರೇವಿ. ಚಾಕೊಲೇಟ್ ಸಾಸಲ್ಲಿ ಕೋಳಿ ಅಂತ ಯಾರೋ ಹೇಳಿ ಹೆದರಿಸಿರ್ತಾರೆ, ನಂಬ್ಬೇಡಿ, ಚಾಕೊಲೇಟ್ ಇರೋದು ಚೂರೇ ಚೂರು, ಅದೂ ಕಹಿ ಜಾಸ್ತಿ ಇರೋದು. ಮುಖ್ಯ ಆಂಚೊ, ಮುಲಾಟೊ, ಪಸಿಯ ಅನ್ನೋ ಒಣಮೆಣಸಿನಕಾಯಿಗಳು, ಆಮೇಲೆ ಬಾದಾಮಿ, ಕಡಲೆಬೀಜ, ಎಳ್ಳು, ಒಣದ್ರಾಕ್ಷಿ, ಬಾಳೆಕಾಯಿ, ಲವಂಗ, ಚಕ್ಕೆ, ಒಣಗಿದ ಟೋರ್ಟಿಯಾ (ಮೆಕ್ಕೆಜೋಳದ ರೊಟ್ಟಿ), ಇಪ್ಪತ್ತಕ್ಕೂ ಮೇಲೆ ಸಾಮಾನು, ಹೆಚ್ಚಿನವನ್ನ ಬೇರೆ ಬೇರೆಯಾಗಿ ಹುರಿದು ರುಬ್ಬಿ ಮತ್ತೆ ಕಾಯಿಸೋದು. ಬಾಯಿಗಿಟ್ಟಾಗ ಮೊದಲು ಹುರಿದ ಮೆಣಸಿನಕಾಯಿ ಹೊಗೆ ವಾಸನೆ, ಹಿಂದೆನೇ ಸಣ್ಣ ಸಿಹಿ, ನುಂಗಿದ ಮೇಲೆ ಕಹಿ, ಖಾರ ಎಲ್ಲೋ ದೂರದಲ್ಲಿ. ಯಾವ್ದನ್ನೂ ಬೇರೆ ಮಾಡಿ ಗುರುತಿಸೋಕಾಗಲ್ಲ. ನಾಲ್ಕೂವರೆ.

ಇನ್ನೊಂದು ಟಾಕೋ, ಅಥವಾ ಟಾಕೋ ಅಡೀಲಿರೋ ಟೋರ್ಟಿಯಾ. ಮೆಕ್ಕೆಜೋಳಾನ ಸುಣ್ಣದ ನೀರಲ್ಲಿ ಬೇಯಿಸಿ ನೆನೆಸಿ ಸಿಪ್ಪೆ ತೆಗೆದು ರುಬ್ತಾರೆ. ಹಂಗೆ ಮಾಡಿದ್ರೆನೇ ಹಿಟ್ಟು ಹದಕ್ಕೆ ಬರೋದು, ಜೊತೆಗೆ ಜೋಳದಲ್ಲಿರೋ ನಯಾಸಿನ್ ಅನ್ನೋ ಬಿ ವಿಟಮಿನ್ ದೇಹಕ್ಕೆ ಸಿಗುತ್ತೆ. ಯುರೋಪಿನೋರು ಜೋಳ ತಗೊಂಡು ಹೋದ್ರು, ಸುಣ್ಣದ ವಿದ್ಯೆ ತಗೊಂಡು ಹೋಗ್ಲಿಲ್ಲ, ಉತ್ತರ ಇಟಲೀಲಿ, ಆಮೇಲೆ ಅಮೆರಿಕಾದ ದಕ್ಷಿಣ ರಾಜ್ಯಗಳಲ್ಲಿ ಜೋಳಾನೇ ನಂಬ್ಕೊಂಡಿದ್ದ ಬಡವರು ಆ ನಯಾಸಿನ್ ಸಿಗದೆ ಬರೋ ಪೆಲಾಗ್ರಾ ರೋಗಕ್ಕೆ ಸಿಕ್ಕಿ ಸತ್ರು. ಒಂದು ಅಡುಗೆಯ ಸ್ಟೆಪ್ ಬಿಟ್ಟಿದ್ದಕ್ಕೆ ಇಷ್ಟು ದೊಡ್ಡ ಬೆಲೆ ಕಟ್ಟಿದ್ದು ಇನ್ನೆಲ್ಲೂ ನಾನು ಕೇಳಿಲ್ಲ. ಟಾಕೋಗಳಲ್ಲಿ ನನ್ನ ಫೇವರಿಟ್ ಅಲ್ ಪಾಸ್ತೋರ್, ಲೆಬನಾನ್ ಕಡೆಯಿಂದ ವಲಸೆ ಬಂದೋರ ಶವರ್ಮಾ ಕಡ್ಡಿಗೆ ಕುರಿ ಬದಲು ಹಂದಿ ಏರಿ, ಮೇಲೆ ಅನಾನಸ್ ಕೂತಿರೋದು. ಐದು ಕೊಡ್ಬೇಕು, ಆದ್ರೆ ಅಂಗಡೀಲಿ ಸಿಗೋ ಗರಿಗರಿ ಚಿಪ್ಪಿನ ಟಾಕೋ ನೆನಪಾಗಿ ನಾಲ್ಕೂವರೆಗೆ ನಿಲ್ಲಿಸ್ತಿದೀನಿ.

ಪೆರುವಿನ ಸೆವಿಚೆ ಬೇಸಿಗೆಗೆ ಹೇಳಿ ಮಾಡಿಸಿದ್ದು. ಹಸಿ ಮೀನಿನ ಚೌಕಕ್ಕೆ ನಿಂಬೆರಸ, ಉಪ್ಪು, ಮೆಣಸಿನಕಾಯಿ, ತೆಳ್ಳಗೆ ಹೆಚ್ಚಿದ ಈರುಳ್ಳಿ. ಹಿಂದೆ ಗಂಟೆಗಟ್ಲೆ ನೆನೆಸ್ತಿದ್ರು, ಪೆರುವಿಗೆ ವಲಸೆ ಬಂದ ಜಪಾನಿಯರ ಪ್ರಭಾವದಿಂದ ಈಗ ಕೆಲವು ನಿಮಿಷ ಅಷ್ಟೇ, ಹೊರಗೆ ಬೆಳ್ಳಗಾಗಿ ಒಳಗೆ ಹಸಿಯಾಗೇ ಇರ್ಬೇಕು. ಕೆಳಗೆ ಉಳಿಯೋ ಹುಳಿ ರಸಾನ ಗ್ಲಾಸಿಗೆ ಹಾಕಿ ಕುಡೀತಾರೆ, ನಾನೂ ಕುಡೀತೀನಿ. 2023ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರ್ತು. ನಿಂಬೆರಸದಲ್ಲಿ ಬೇಯುತ್ತೆ ಅಂತಾರಲ್ಲ, ನೋಡೋಕೆ ಬೆಂದಂಗೆ ಕಂಡ್ರೂ ಬೆಂಕೀಲಿ ಬೇಯಿಸಿದಂಗೆ ಕ್ರಿಮಿಗಳು ಸಾಯಲ್ಲ, ಮೀನಿನ ಬಗ್ಗೆ ನಂಬಿಕೆ ಇದ್ರೆ ಮಾತ್ರ ತಿನ್ನಿ, ಬಸುರಿಯರು ಬೇಡವೇ ಬೇಡ. ನಾಲ್ಕು.

ಪಯೆಯಾಗೆ ಮೂರು. ಸ್ಪೇನಿನ ವೇಲೆನ್ಸಿಯಾದ ಈ ಅನ್ನದಲ್ಲಿ ತಳ ಹಿಡಿದಿರೋ ಗರಿಗರಿ ಪದರಕ್ಕೇ ಜನ ಕಿತ್ತಾಡ್ಬೇಕು, ಅದಕ್ಕೇ ಪಾತ್ರೆ ಅಗಲ, ಅನ್ನದ ಪದರ ತೆಳ್ಳಗೆ, ನೀರು ಹಾಕಿದ್ಮೇಲೆ ಕೈಯಾಡಿಸಂಗಿಲ್ಲ. ನಂಗೆ ಬಂದಿದ್ದು ಆಳವಾದ ಬಟ್ಟಲಲ್ಲಿ ಕೇಸರಿ ಬದಲು ಅರಿಶಿನ ಹಾಕಿದ ಮುದ್ದೆಯಾದ ಅನ್ನ. ಊಟದ ತಪ್ಪಲ್ಲ, ಆದ್ರೂ ಹೊಟ್ಟೆ ಉರಿ.

ಪ್ಯಾಡ್ ಥಾಯ್ ಎರಡೂವರೆ ಯಾಕೆ ಅಂತ ಕೇಳೋಕೆ ಕಾಯ್ತಿರ್ತೀರ. ಥಾಯ್ಲೆಂಡಲ್ಲಿ ಪ್ರಧಾನಿ ಪಿಬುನ್ ಸರ್ಕಾರ 1930ರ ಕೊನೆ, 40ರ ದಶಕದಲ್ಲಿ ರಾಷ್ಟ್ರೀಯತೆ ಬೆಳೆಸೋಕೆ ಅಂತ ನೂಡಲ್ ತಿನ್ನಿ ಅಂತ ಪ್ರಚಾರ ಮಾಡಿ ಮೇಲೆ ತಂದ ಊಟ ಇದು. ಅದ್ರಲ್ಲಿ ತಪ್ಪಿಲ್ಲ, ಸರ್ಕಾರ ಮಾಡಿದ ಊಟಾನೂ ರುಚಿಯಾಗಿರ್ಬೋದು. ಹುಣಸೆ, ಫಿಶ್ ಸಾಸ್, ತಾಳೆಬೆಲ್ಲ ಮೂರರ ಹದ, ಜೋರು ಉರಿ, ಒಂದು ಸಲಕ್ಕೆ ಒಂದೇ ಪ್ಲೇಟ್, ಹಂಗೆ ಮಾಡಿದ್ರೆ ಸೂಪರ್. ಹೊರಗೆ ಸಿಗೋದು ಕೆಚಪ್, ಸಕ್ಕರೆ ಹಾಕಿ ಒಂದೇ ಸಲ ಹತ್ತು ಪ್ಲೇಟ್ ಬೇಯಿಸಿದ ಕಿತ್ತಳೆ ಬಣ್ಣದ ಅಂಟು. ಅದೇ ಮೆನುವಲ್ಲಿ ಎರಡು ಲೈನ್ ಮೇಲೆ ತೊಮ್ ಯಮ್ ಸೂಪ್ ಇರುತ್ತೆ, ಅದನ್ನ ತಗೊಳಿ, ಹುಳಿ ಖಾರ ಉಪ್ಪು ಮೂರೂ ಒಟ್ಟಿಗೆ ಬಂದು ಮೂಗು ಸೋರ್ಬೇಕು. ಅದರಲ್ಲಿ ತೇಲೋ ಮಜ್ಜಿಗೆಹುಲ್ಲು, ಗಲಾಂಗಲ್ ತುಂಡು ಅಗಿಯೋಕಲ್ಲ, ಘಮಕ್ಕೆ ಮಾತ್ರ, ಪಕ್ಕಕ್ಕಿಡಿ. ನಾಲ್ಕೂಕಾಲು.

ಹಮ್ಮುಸ್ ಮನೇಲೇ ಮಾಡ್ಕೊಳಿ, ಹೊರಗೆ ದುಡ್ಡು ಕೊಡ್ಬೇಡಿ. ಕಾಬೂಲ್ ಕಡಲೆಗೆ ಚಿಟಿಕೆ ಸೋಡಾ ಹಾಕಿ ಬೆರಳಲ್ಲಿ ಮುಟ್ಟಿದ್ರೆ ಕರಗೋವಷ್ಟು ಬೇಯಿಸಿ, ಬಿಸಿ ಇದ್ದಾಗ್ಲೇ ರುಬ್ಬಿ, ಎಳ್ಳಿನ ಪೇಸ್ಟ್ ತಾಹಿನಿ ಧಾರಾಳವಾಗಿ ಹಾಕಿ, ನಿಂಬೆ, ಬೆಳ್ಳುಳ್ಳಿ, ಐಸ್ ನೀರು. ತಾಹಿನೀಲಿ ಜಿಪುಣತನ ಮಾಡಿದ್ರೆ ಬೇಯಿಸಿದ ಕಡಲೆ ಪೇಸ್ಟ್ ಆಗುತ್ತೆ ಅಷ್ಟೇ. ಇದು ಯಾರ್ದು ಅಂತ ಲೆಬನಾನ್, ಇಸ್ರೇಲ್ ಮಧ್ಯೆ ಗಿನ್ನೆಸ್ ರೆಕಾರ್ಡ್ ಯುದ್ಧನೇ ನಡೀತು, 2010ರಲ್ಲಿ ಲೆಬನಾನ್ 10,452 ಕೆಜಿ ಮಾಡಿ ಮುಗಿಸ್ತು, ದೇಶದ ವಿಸ್ತೀರ್ಣ 10,452 ಚದರ ಕಿಲೋಮೀಟರ್ ಅಂತ ಅಷ್ಟೇ ತೂಕ. ನಾಲ್ಕು.

ಸಿಹಿಗೆ ಟಿರಾಮಿಸು ಸಾಕು. ಕಾಫಿಲಿ ಅದ್ದಿದ ಬಿಸ್ಕೆಟ್, ಮೊಟ್ಟೆ, ಸಕ್ಕರೆ, ಮಸ್ಕಾರ್ಪೋನೆ ಚೀಸ್, ಮೇಲೆ ಕೊಕೊ. ಇದೂ ಹಳೇದೇನಲ್ಲ, ಇಟಲಿಯ ಟ್ರೆವೀಸೊ ಊರಲ್ಲಿ 1970ರ ಆಸುಪಾಸಿಗೆ ಹೆಸರಾಗಿದ್ದು, ಪಕ್ಕದ ಫ್ರಿಯುಲಿಯೋರು ನಮ್ದು ಅಂತಾರೆ. ಬಿಸ್ಕೆಟ್ ಪೂರ್ತಿ ನೆನೆದು ತಟ್ಟೇಲಿ ಕಾಫಿ ಸೋರ್ತಿದ್ರೆ ಬೇಡ ಅನ್ನಿ, ಮೊಟ್ಟೆ ಹಸಿಯಾಗೇ ಹಾಕೋದ್ರಿಂದ ಚಿಕ್ಕ ಮಕ್ಕಳಿಗೆ ಕೊಡೋ ಮುಂಚೆ ಕೇಳಿ, ರಾತ್ರಿ ತಿಂದ್ರೆ ನಿದ್ದೆ ಬರಲ್ಲ. ನಾಲ್ಕೂವರೆ, ಕಾರ್ಬೊನಾರಾದಷ್ಟೇ. ಕ್ರೀಮ್ ಸುರಿದು ಹಾಳು ಮಾಡೋರು ಇಲ್ಲೂ ಇದಾರೆ, ಅವ್ರಿಗೆ ಇಲ್ಲೂ ಒಂದೇ ಸ್ಟಾರ್.